ಅಮ್ಮನಿಗೆ ತಾಯಿ ಕಾರ್ಡಿಲ್ಲ

ಇದನ್ನ ಬರೆಯೋದೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. ಕೊನೆಗೆ ಮೊನ್ನೆ ಊರಿಗೆ ಹೋದಾಗ ಅಮ್ಮನನ್ನೇ ಕೇಳಿಬಿಟ್ಟೆ, "ನಿನ್ನ ವಿಷಯ ಬರೀಲಾ?" ಅಂತ. ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂತಿದ್ದವಳು ತಲೆ ಎತ್ತದೆ, "ಹೆಸ್ರು ಹಾಕ್ಬೇಡ. ಬಾಕಿ ಎಂತ ಬೇಕಾದ್ರೂ ಬರ್ಕ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಯಾರಾದ್ರೂ ಒಬ್ರು ಓದಿ ಡಾಕ್ಟ್ರ ಹತ್ರ ಹೋದ್ರೆ ಒಳ್ಳೇದೇ ಅಲ್ದ" ಅಂತ ಸೇರಿಸಿದಳು. ಹಾಗಾಗಿ ಬರೀತಿದ್ದೇನೆ.

ಶೃಂಗೇರಿಗೆ ಹೋದವರು ನೋಡಿರ್ತೀರಿ. ದೇವಸ್ಥಾನದ ಹಿಂದೆ ತುಂಗೆಗೆ ಇಳಿಯೋ ಮೆಟ್ಟಿಲುಗಳ ಹತ್ತಿರ ಕಪ್ಪೆ ಶಂಕರ ಅಂತ ಒಂದು ಪುಟ್ಟ ಗುಡಿ ಇದೆ. ಉರಿಬಿಸಿಲಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಕಪ್ಪೆಗೆ ಹಾವೊಂದು ಹೆಡೆ ಬಿಚ್ಚಿ ನೆರಳು ಮಾಡಿತ್ತಂತೆ. ಅದನ್ನ ನೋಡಿದ ಶಂಕರಾಚಾರ್ಯರು ಹುಟ್ಟಾ ವೈರಿಗಳೇ ಹೀಗಿರೋ ಜಾಗದಲ್ಲೇ ಪೀಠ ಸ್ಥಾಪಿಸೋಣ ಅಂದುಕೊಂಡರು ಅನ್ನೋದು ಸ್ಥಳಪುರಾಣ. ಚಿಕ್ಕವಳಿದ್ದಾಗ ಈ ಕಥೆ ಕೇಳಿದಾಗೆಲ್ಲ ನನಗೆ ಹಾವಿನ ಮೇಲೇ ಗಮನ. ಅಜ್ಜಿಗೆ ಮಾತ್ರ ಕಪ್ಪೆ ಮೇಲೆ. "ಕಪ್ಪೆಗಾದ್ರೂ ನೆರಳು ಸಿಕ್ತು" ಅಂತ ಒಂದು ನಿಟ್ಟುಸಿರು ಬಿಡುತ್ತಿದ್ದಳು. ಅದ್ಯಾಕೆ ಹಾಗಂತಾಳೆ ಅಂತ ತುಂಬಾ ವರ್ಷ ನನಗೆ ಗೊತ್ತಿರಲಿಲ್ಲ.

ಅಮ್ಮನ ತವರು ಶೃಂಗೇರಿ ತಾಲ್ಲೂಕು, ಕೆರೆಕಟ್ಟೆ ಕಡೆ. ಅಮ್ಮನಿಗೆ ಒಬ್ಬಳು ಅಕ್ಕ ಇದ್ದಳು, ಅಂದರೆ ನನ್ನ ದೊಡ್ಡಮ್ಮ. ನಾನು ನೋಡಿಲ್ಲ, ಫೋಟೋನೂ ಇಲ್ಲ. 1974ರ ಮಳೆಗಾಲದಲ್ಲಿ ಮೊದಲ ಹೆರಿಗೆಗೆ ಅಂತ ತವರಿಗೆ ಬಂದಿದ್ದಳಂತೆ. ಇಪ್ಪತ್ತು ವರ್ಷ. ಎರಡು ದಿನ ನೋವು ತಿಂದಳು. ಸೂಲಗಿತ್ತಿ ತನಗೆ ತಿಳಿದಿದ್ದೆಲ್ಲ ಮಾಡಿ ಕೊನೆಗೆ ಕೈಚೆಲ್ಲಿದಳು. ಕಂಬಳಿ ಜೋಲಿ ಕಟ್ಟಿ ನಾಲ್ಕು ಜನ ಹೊತ್ತುಕೊಂಡು ಹೊರಟರು. ಹಳ್ಳ ತುಂಬಿ ಹರೀತಿತ್ತು, ಸಂಕದ ಮೇಲೆ ಜೋಲಿ ದಾಟಿಸೋಕೇ ಅರ್ಧ ರಾತ್ರಿ ಆಯ್ತು. ಜೀಪು ಸಿಗೋ ರಸ್ತೆಗೆ ಬರೋ ಹೊತ್ತಿಗೆ ಜೋಲಿಯಲ್ಲಿ ಇಬ್ಬರೂ ಇರಲಿಲ್ಲ. ಎಂಟು ವರ್ಷದ ಅಮ್ಮ ಲಾಟೀನು ಹಿಡಿದುಕೊಂಡು ಜಗಲಿಯಲ್ಲಿ ನಿಂತಿದ್ದಳಂತೆ, ಅಷ್ಟೇ ಅವಳಿಗೆ ನೆನಪಿರೋದು. ಆಮೇಲೆ ಮನೆಯಲ್ಲಿ ಈ ವಿಷಯಕ್ಕೆ ಇದ್ದಿದ್ದು ಎರಡೇ ಮಾತು: "ತಡ ಆತು".

ಇಷ್ಟಾದರೂ ಅಮ್ಮನ ತಲೆಯಿಂದ "ಮೊದಲ ಹೆರಿಗೆ ತವರಲ್ಲೇ ಆಗಬೇಕು" ಅನ್ನೋದು ಹೋಗಿಲ್ಲ ನೋಡಿ! ನಮ್ಮ ಕಡೆ ಅದು ಹಾಗೇ. ಕುವೆಂಪು ಅಂದ್ರೆ ಎಲ್ಲರೂ ತೀರ್ಥಹಳ್ಳಿಯ ಕುಪ್ಪಳಿ ಅಂತಾರೆ. ಆದರೆ 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅವರ ತಾಯಿಯ ತವರುಮನೆಯಲ್ಲಿ. ರಾಷ್ಟ್ರಕವಿಯೇ ತವರಲ್ಲಿ ಹುಟ್ಟಿರುವಾಗ ನಮ್ಮ ತಂಗಿಯ ಮಗು ಬೇರೆಲ್ಲಾದರೂ ಹುಟ್ಟೋಕಾಗತ್ತಾ :)

ತಂಗಿಯನ್ನ ಕೊಟ್ಟಿರೋದು ನರಸಿಂಹರಾಜಪುರ ತಾಲ್ಲೂಕಿಗೆ, ಬಾಳೆಹೊನ್ನೂರು ಹತ್ತಿರ. 2023ರಲ್ಲಿ ಅವಳು ಬಸುರಿಯಾದಾಗ ಎರಡು ಮನೆಗಳ ನಡುವೆ ಸಣ್ಣದೊಂದು ಚರ್ಚೆಯೇ ಆಯ್ತು. ಅವಳ ಅತ್ತೆಯವರು ಹೇಳಿದ್ದೂ ಸರಿಯಾಗೇ ಇತ್ತು: "ಇಲ್ಲಿಂದಾದ್ರೆ ಎನ್.ಆರ್.ಪುರ ಮೇಲೆ ಉಂಬ್ಳೇಬೈಲು ದಾರೀಲಿ ಶಿವಮೊಗ್ಗ ಹತ್ರ. ನಿಮ್ಮಲ್ಲಿಂದ ಮಳೆಗಾಲದಲ್ಲಿ ಎಲ್ಲಿಗೂ ಹತ್ರ ಇಲ್ಲ." ನಮ್ಮ ಮನೆ ಕೊಪ್ಪ ತಾಲ್ಲೂಕಿನಲ್ಲಿ, ಶೃಂಗೇರಿ ಕಡೆ ಹೋಗೋ ರಸ್ತೆಯಿಂದ ಒಳಗೆ. ಗೊತ್ತಿಲ್ಲದವರಿಗೆ ಹೇಳಬೇಕಂದ್ರೆ, ಈ ಮೂರು ತಾಲ್ಲೂಕಿನವರಿಗೆ "ದೊಡ್ಡಾಸ್ಪತ್ರೆ" ಅಂದ್ರೆ ಮೂರು ದಿಕ್ಕು. ತೀರ್ಥಹಳ್ಳಿ ಮೇಲೆ ಶಿವಮೊಗ್ಗ, ಬಾಳೆಹೊನ್ನೂರು ಮೇಲೆ ಚಿಕ್ಕಮಗಳೂರು, ಆಗುಂಬೆ ಘಾಟಿ ಇಳಿದರೆ ಮಣಿಪಾಲ. ಯಾವುದಕ್ಕೆ ಹೊರಟರೂ ಎರಡು-ಎರಡೂವರೆ ಗಂಟೆ ಅಂತ ಇಟ್ಟುಕೊಳ್ಳಬೇಕು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಮಳೆಗಾಲಕ್ಕೆ ಗುಡ್ಡ ಜರಿದರೆ ಆ ದಿಕ್ಕು ಬಂದ್. 2019ರ ಆಗಸ್ಟ್‌ನಂಥ ಮಳೆ ಬಂದರಂತೂ ಶೃಂಗೇರಿಯ ಗಾಂಧಿ ಮೈದಾನದಲ್ಲೇ ತುಂಗೆ ಬಂದು ಕೂತಿರ್ತಾಳೆ.

ಹಾಗಂತ ತಾಲ್ಲೂಕು ಆಸ್ಪತ್ರೆಗಳೇ ಇಲ್ಲ ಅಂತಲ್ಲ. ಮೂರೂ ಕಡೆ ಇವೆ, ಶೃಂಗೇರಿಯಲ್ಲಿ ಮಠದ ಆಸ್ಪತ್ರೆಯೂ ಇದೆ. ಸರಾಗವಾಗಿ ಆಗೋ ಹೆರಿಗೆಗೆ ಅದು ಸಾಕು. ಆದರೆ ಸರಾಗ ಆಗಲ್ಲ ಅಂತ ಗೊತ್ತಾದ ಗಳಿಗೆಯಲ್ಲಿ ಬೇಕಾಗೋದು ಮೂರು: ಆಪರೇಷನ್ ಮಾಡೋ ಹೆರಿಗೆ ಡಾಕ್ಟರು, ಅರಿವಳಿಕೆ ಕೊಡೋ ಡಾಕ್ಟರು, ರಕ್ತ. ಈ ಮೂರೂ ಒಂದೇ ಹೊತ್ತಿಗೆ, ರಾತ್ರಿ ಎರಡು ಗಂಟೆಗೂ ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ "ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ" ಅಂತಾರೆ. ಶೃಂಗೇರಿಗೆ ನೂರು ಹಾಸಿಗೆಯ ಆಸ್ಪತ್ರೆ ಬೇಕು ಅಂತ ಜನ ವರ್ಷಗಟ್ಟಲೆ ಕೂಗಿದ್ದು ಸುಮ್ಮನೆ ಅಲ್ಲ. ಬೇಕಾಗಿದ್ದು ನೂರು ಮಂಚ ಅಲ್ಲ, ಮಂಚದ ಜೊತೆಗೆ ಬರೋ ಆ ಮೂರು.

ಇರಲಿ. ಅಮ್ಮನೇ ಗೆದ್ದಳು. ಜೂನ್‌ನಲ್ಲಿ ತಂಗಿ ಬಂದಳು. ನಾನೂ ಮನೆಯಿಂದಲೇ ಕೆಲಸ ಮಾಡ್ತೀನಿ ಅಂತ ಆಫೀಸಿಗೆ ಹೇಳಿ, ಲ್ಯಾಪ್‌ಟಾಪ್ ಕಟ್ಟಿಕೊಂಡು ಬೆಂಗಳೂರಿಂದ ಬಂದೆ. (ನೆಟ್‌ವರ್ಕ್ ಸಿಗೋದು ಕೊಟ್ಟಿಗೆ ಹಿಂದಿನ ಗುಡ್ಡದ ಮೇಲೆ ಮಾತ್ರ ಅನ್ನೋದು ಬೇರೆ ಕಥೆ.)

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಬಸುರಿಯರ ವಿಷಯದಲ್ಲಿ ಕಾಲ ಬದಲಾಗಿದೆ. ತಂಗಿ ಬಂದ ಮೂರನೇ ದಿನಕ್ಕೇ ನಮ್ಮೂರಿನ ಆಶಾ ಅಕ್ಕ ಕೊಡೆ ಹಿಡಿದು, ಜಿಗಣೆ ಕಿತ್ತು ಹಾಕುತ್ತಾ ದಣಪೆ ದಾಟಿ ಬಂದರು. ತಾಯಿ ಕಾರ್ಡ್ ನೋಡಿದರು, ಕಬ್ಬಿಣದ ಮಾತ್ರೆ ನುಂಗ್ತಿದೀಯಾ ಅಂತ ಕೇಳಿ ಖಾಲಿ ಹಾಳೆಯನ್ನೂ ತೋರಿಸು ಅಂದರು. ಕಾಲು ಒತ್ತಿ ನೋಡಿದರು. 108ಕ್ಕೆ ಫೋನ್ ಮಾಡೋದಾದ್ರೆ ಗುಡ್ಡದ ಯಾವ ಮರದ ಬುಡದಲ್ಲಿ ನಿಂತರೆ ಸಿಗ್ನಲ್ ಸಿಗತ್ತೆ ಅನ್ನೋದೂ ಅವರಿಗೆ ಗೊತ್ತು! ಆಶಾ ಕಾರ್ಯಕರ್ತೆಯರು ಬಂದಿದ್ದು 2005ರ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ. ನಮ್ಮ ರಾಜ್ಯದಲ್ಲಿ 108 ಶುರುವಾಗಿದ್ದು 2008ರ ನವೆಂಬರ್‌ನಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿ-ಬಾಣಂತಿಗೆ ಪರೀಕ್ಷೆ, ಔಷಧಿ, ಸಿಸೇರಿಯನ್, ರಕ್ತ ಎಲ್ಲಾ ಉಚಿತ ಅಂತಾಗಿದ್ದು 2011ರಿಂದ. 2005-06ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಯಲ್ಲಾಗುತ್ತಿದ್ದವು. 2019-21ರ ಹೊತ್ತಿಗೆ ಅದು 97. ಒಂದು ಲಕ್ಷ ಜೀವಂತ ಜನನಕ್ಕೆ ಇಷ್ಟು ತಾಯಂದಿರು ಸಾಯ್ತಾರೆ ಅಂತ ಒಂದು ಲೆಕ್ಕ ಇಡ್ತಾರಲ್ಲ, ಕರ್ನಾಟಕದಲ್ಲಿ 2001-03ರಲ್ಲಿ 228 ಇದ್ದಿದ್ದು 2018-20ರಲ್ಲಿ 69ಕ್ಕೆ ಇಳಿದಿತ್ತು. ಪಕ್ಕದ ಕೇರಳದಲ್ಲಿ ಆಗ ಬರೀ 19, ಅದನ್ನ ನೋಡಿದರೆ ನಾವಿನ್ನೂ ದೂರ ಹೋಗಬೇಕು. ಆದರೂ ದೊಡ್ಡಮ್ಮನ ಕಾಲಕ್ಕೂ ತಂಗಿಯ ಕಾಲಕ್ಕೂ ನಡುವೆ ಏನೋ ದೊಡ್ಡದೇ ನಡೆದಿದೆ. ಅದರ ಭಾರವನ್ನ ಬಹಳ ಮಟ್ಟಿಗೆ ಹೊತ್ತಿದ್ದು ಕೊಡೆ ಹಿಡಿದು ಬರೋ ಈ ಆಶಾ ಅಕ್ಕಂದಿರು.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಅಂತಲೇ ವಿಶೇಷ ತಪಾಸಣೆ ಇರತ್ತೆ, 2016ರಿಂದ. 2023ರ ಆಗಸ್ಟ್ 9, ಬುಧವಾರ. ತಂಗಿ, ಅಮ್ಮ, ನಾನು ಮೂವರೂ ಹೊರಟೆವು. ಆ ವರ್ಷ ಆಗಸ್ಟ್‌ನಲ್ಲಿ ಮಳೆಯೇ ಕೈಕೊಟ್ಟಿತ್ತು. ಗದ್ದೆಗೆ ನೀರಿಲ್ಲ ಅಂತ ಅಪ್ಪ ಒದ್ದಾಡ್ತಿದ್ದರೆ ನಾವು ಮಾತ್ರ ಒಳಗೊಳಗೇ "ಸದ್ಯ, ರಸ್ತೆ ನೆಟ್ಟಗಿದೆ" ಅಂದುಕೊಳ್ಳುತ್ತಿದ್ದೆವು.

ಬಸ್ಸಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಆಗಲ್ಲ. ನಮ್ಮ ಕಡೆ ಆಸ್ಪತ್ರೆಗೆ ಹೋಗೋದು ಅಂದ್ರೆ ಬಸ್ಸಿಗೆ ಕಾಯೋದು ಅಂತಲೇ ಅರ್ಥ. ಮೊದಲೆಲ್ಲ "ಸಹಕಾರ ಸಾರಿಗೆ" ಇತ್ತು. ಕೆಲಸಗಾರರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರಿ ಬಸ್ ಸಂಸ್ಥೆ. ಡ್ರೈವರ್-ಕಂಡಕ್ಟರುಗಳೇ ಮಾಲೀಕರು. ಯಾವ ಮನೆಯಲ್ಲಿ ಬಸುರಿ ಇದಾಳೆ, ಯಾರ ಮನೆ ಅಜ್ಜನಿಗೆ ಔಷಧಿ ತರಬೇಕು, ಎಲ್ಲಾ ಅವರಿಗೆ ಗೊತ್ತಿರುತ್ತಿತ್ತು. ಅಮ್ಮ ನನ್ನನ್ನ ಹೊತ್ತಿದ್ದಾಗ ಡ್ರೈವರು ಹಂಪ್ ಬಂದಲ್ಲೆಲ್ಲ "ಅಕ್ಕಾ, ಗಟ್ಟಿ ಹಿಡ್ಕಳಿ" ಅಂತ ಕೂಗಿ ಆಮೇಲೆ ದಾಟಿಸುತ್ತಿದ್ದರಂತೆ. ನಷ್ಟ ತಡೆಯಲಾಗದೆ 2020ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತವು. ಅವತ್ತು ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಎಷ್ಟೋ ಹಳ್ಳಿಗಳಿಗೆ ನಿಂತಿದ್ದು ಬಸ್ಸು ಮಾತ್ರ ಅಲ್ಲ, ಆಸ್ಪತ್ರೆಯೂ ಒಂದಿಷ್ಟು ದೂರ ಸರಿಯಿತು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಫ್ರೀ ಅಂತಾಯ್ತು. ಬಹಳ ಒಳ್ಳೆಯದೇ. ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮೂರ ರಸ್ತೆಗೆ ಬರೋದು ಪ್ರೈವೇಟ್ ಬಸ್ಸು, ಅದೂ ದಿನಕ್ಕೆ ಎರಡು ಸಲ. "ಫ್ರೀ ಟಿಕೆಟ್ ಇದೆ, ಬಸ್ಸೇ ಇಲ್ಲ" ಅಂತ ಅಮ್ಮ ನಗುತ್ತಾಳೆ.

ಅವತ್ತು ತಂಗಿಗೆ ಎಲ್ಲಾ ಪರೀಕ್ಷೆ ಆಯ್ತು. ಬಿ.ಪಿ. ಸ್ವಲ್ಪ ಜಾಸ್ತಿಯ ಕಡೆಗಿದೆ, ವಾರಕ್ಕೊಮ್ಮೆ ನೋಡಿಸಿ, ತಲೆನೋವು, ಕಣ್ಣು ಮಂಜಾಗೋದು, ಮುಖ ಊದೋದು ಏನಾದ್ರೂ ಆದ್ರೆ ಕಾಯಬೇಡಿ ಅಂದರು ಡಾಕ್ಟರು. ನರ್ಸ್ ಒಬ್ಬರು ಅದನ್ನೆಲ್ಲ ತಾಯಿ ಕಾರ್ಡಿನ ಹಿಂದೆ ಮತ್ತೆ ಬರೆದುಕೊಟ್ಟರು. ಖುಷಿಯಾಯ್ತು.

ವಾಪಸ್ ಬರುವಾಗ ಬಸ್ಸಲ್ಲಿ ತಂಗಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದಳು. ಅಮ್ಮ ತಾಯಿ ಕಾರ್ಡನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು.

"ಈ ಕಾರ್ಡು ಬಸುರೀರಿಗೆ ಮಾತ್ರವಾ?"

"ಹೌದು. ಎಂತಕ್ಕೆ?"

"ಎಂತದೂ ಇಲ್ಲ."

ಐದು ನಿಮಿಷ ಸುಮ್ಮನಿದ್ದಳು. ಆಮೇಲೆ ಹೊರಗೆ ನೋಡ್ತಾ, ಬಸ್ಸಿನ ಸದ್ದಲ್ಲಿ ಕೇಳೀತೋ ಇಲ್ಲವೋ ಅನ್ನೋ ಹಾಗೆ ಹೇಳಿದಳು. "ನಂಗೆ ಮತ್ತೆ ಮುಟ್ಟು ಶುರುವಾಗಿದೆ ಮಾರಾಯ್ತಿ. ಯುಗಾದಿ ಕಳೆದ ಮೇಲಿಂದ."

ಅಮ್ಮನಿಗೆ ಆಗ 57 ವರ್ಷ. ಮುಟ್ಟು ನಿಂತು ಆರು ವರ್ಷ ಆಗಿತ್ತು.

ನನಗೆ ಎದೆ ಧಸಕ್ ಅಂತು. ಒಂದೊಂದೇ ಕೇಳಿದೆ. ಅವಳು ಸುಮ್ಮನೆ ಕೂತಿರಲಿಲ್ಲ. ಮೇ ತಿಂಗಳಲ್ಲಿ ಅಪ್ಪನಿಗೂ ಹೇಳದೆ, ಮದುವೆ ಮನೆಗೆ ಹೋಗ್ತೀನಿ ಅಂತ ಒಬ್ಬಳೇ ಒಂದು ಕ್ಲಿನಿಕ್ಕಿಗೆ ಹೋಗಿದ್ದಾಳೆ. ಚೀಟಿ ಬರೆಯುವ ಹುಡುಗಿ ಎಲ್ಲರೆದುರು ಜೋರಾಗಿ "ಏನು ತೊಂದ್ರೆ ಹೇಳಿ" ಅಂದಿದ್ದಾಳೆ. ಬೆಂಚಿನ ಮೇಲೆ ನಮ್ಮೂರಿನವರೇ ಇಬ್ಬರು ಗಂಡಸರು. ಅಮ್ಮ "ಹೊಟ್ಟೆನೋವು" ಅಂತ ಬರೆಸಿದ್ದಾಳೆ. ಒಳಗೆ ಹೋದಾಗ ಡಾಕ್ಟರಿಗೆ ಅರ್ಧ ಹೇಳಿದ್ದಾಳೆ, ಅವರು ಅರ್ಧ ಕೇಳಿಸಿಕೊಂಡಿದ್ದಾರೆ. "ಈ ವಯಸ್ಸಿಗೆ ಹಾಗೆಲ್ಲ ಆಗ್ತದೆ" ಅಂತ ಮಾತ್ರೆ ಬರೆದುಕೊಟ್ಟಿದ್ದಾರೆ. ಪರೀಕ್ಷೆ ಇಲ್ಲ, ಸ್ಕ್ಯಾನಿಂಗ್ ಇಲ್ಲ. ಮಾತ್ರೆ ತಗೊಂಡಾಗ ನಿಲ್ಲತ್ತೆ, ಬಿಟ್ಟಾಗ ಬರತ್ತೆ. ಆಮೇಲೆ ಅದೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮತ್ತೆರಡು ಸಲ ತರಿಸಿಕೊಂಡಿದ್ದಾಳೆ.

"ನಾಳೆನೇ ಶಿವಮೊಗ್ಗಕ್ಕೆ ಹೋಗಾಣ" ಅಂದೆ.

"ಹುಚ್ಚಾ ನಿಂಗೆ? ಇವಳನ್ನ ಬಿಟ್ಟು? ಮೊದ್ಲು ಇವಳದ್ದಾಗ್ಲಿ. ನಂದು ಎಲ್ಲಿಗೆ ಹೋಗ್ತದೆ."

ಇಲ್ಲೇ ನಾನು ತಪ್ಪು ಮಾಡಿದ್ದು. ಮಾತ್ರೆಯಿಂದ ನಿಂತಿದೆಯಲ್ಲ, ಇನ್ನು ಹದಿನೈದು-ಇಪ್ಪತ್ತು ದಿನ ತಾನೇ, ಹೆರಿಗೆ ಮುಗಿದ ಕೂಡಲೇ ಹೋದರಾಯ್ತು ಅಂತ ಒಪ್ಪಿಬಿಟ್ಟೆ. ಓದಿದವಳು ನಾನು. ರಾತ್ರಿ ಗುಡ್ಡ ಹತ್ತಿ ಗೂಗಲ್ ಮಾಡಿ ನೋಡಿದವಳೂ ನಾನೇ. ಮುಟ್ಟು ಪೂರ್ತಿ ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನ ಪರೀಕ್ಷೆ ಮಾಡಿಸಲೇಬೇಕು, ಅದು "ಸಹಜ" ಅಲ್ಲವೇ ಅಲ್ಲ ಅಂತ ಅಲ್ಲಿ ಬರೆದಿತ್ತು. ಹೆಚ್ಚಿನವರಲ್ಲಿ ಅದು ಅಪಾಯದ್ದಾಗಿರಲ್ಲ, ಆದರೆ ಹತ್ತರಲ್ಲಿ ಸುಮಾರು ಒಬ್ಬರಲ್ಲಿ ಗರ್ಭಕೋಶದ ಕ್ಯಾನ್ಸರ್ ಇರಬಹುದು ಅಂತಲೂ ಇತ್ತು. ಓದಿದೆ. ಅಮ್ಮ ಉಳಿದ ಒಂಬತ್ತರಲ್ಲಿ ಇರ್ತಾಳೆ ಅಂದುಕೊಂಡೆ. ಗುಡ್ಡ ಇಳಿದು ಬಂದು ಮಲಗಿದೆ.

ಆಗಸ್ಟ್ 28ಕ್ಕೆ ತಂಗಿಯ ಮುಖ ಊದಿತ್ತು. ಆಶಾ ಅಕ್ಕ ಬಂದು ನೋಡಿದವರೇ "ಕಾಯದು ಬೇಡ, ಈಗ್ಲೇ ಹೊರಡಿ" ಅಂದರು. ತಾಲ್ಲೂಕು ಆಸ್ಪತ್ರೆಯಲ್ಲಿ ಬಿ.ಪಿ. ನೋಡಿ, ಇಂಜೆಕ್ಷನ್ ಕೊಟ್ಟು, ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ಆಂಬುಲೆನ್ಸಿನಲ್ಲಿ ಸ್ಟಾಫ್ ನರ್ಸ್ ಜೊತೆಗೇ ಬಂದರು. ತೀರ್ಥಹಳ್ಳಿ ದಾಟುವಾಗ ಅಮ್ಮನ ಮುಖ ನೋಡಿದೆ. ಬಾಯಲ್ಲಿ ಏನೋ ಗುನುಗ್ತಾ ಇದ್ದಳು. ಸ್ತೋತ್ರ ಅಂದುಕೊಂಡೆ. ಹತ್ತಿರ ಬಾಗಿದರೆ, "ತಡ ಆಗ್ಲಿಲ್ಲ, ತಡ ಆಗ್ಲಿಲ್ಲ" ಅಂತಿದ್ದಳು.

30ಕ್ಕೆ ಸಿಸೇರಿಯನ್ ಆಯ್ತು. ಹೆಣ್ಣು ಮಗು. ಇಬ್ಬರೂ ಆರಾಮು.

ಆಮೇಲೆ ಏನಾಗತ್ತೆ ನಿಮಗೆ ಗೊತ್ತಲ್ಲ. ಬಾಣಂತನ! ಬೆಳಗ್ಗೆ ನಾಲ್ಕೂವರೆಗೆ ಎದ್ದು ಹಂಡೆಗೆ ಉರಿ ಹಾಕಬೇಕು, ಮಗುವಿಗೆ ಎಣ್ಣೆ ಹಚ್ಚಿ ನೀರು ಹೊಯ್ಯಬೇಕು, ಬಾಣಂತಿಗೆ ಲೇಹ, ಕಷಾಯ, ಮೆಣಸಿನ ಸಾರು. ಮಧ್ಯೆ ದನಕರು, ತೋಟ, ನೋಡೋಕೆ ಬರೋ ನೆಂಟರು. ನಾನು ಸೆಪ್ಟೆಂಬರ್ ಕೊನೆಗೆ ಬೆಂಗಳೂರಿಗೆ ಹೋದೆ. ಫೋನಲ್ಲಿ ಕೇಳಿದಾಗೆಲ್ಲ "ಈಗ ಎಂತದೂ ಇಲ್ಲ, ಆರಾಮಿದೀನಿ" ಅಂದಳು. ನನಗೂ ಅದನ್ನೇ ಕೇಳಬೇಕಾಗಿತ್ತು ಅನ್ನಿಸತ್ತೆ, ನಂಬಿದೆ.

ದೀಪಾವಳಿಗೆ ಊರಿಗೆ ಬಂದೆ. ಬೂರೆ ಹಬ್ಬದ ದಿನ ಬೆಳಗ್ಗೆ ಬಚ್ಚಲ ಹಿಂದೆ ಸೌದೆ ತರೋಕೆ ಹೋದಾಗ, ಯಾರಿಗೂ ಕಾಣದ ಹಾಗೆ ಒಣಗಿಸಿದ್ದ ಹಳೇ ಸೀರೆಯ ತುಂಡುಗಳು ಕಂಡವು. ಎಷ್ಟು ತೊಳೆದರೂ ಹೋಗದ ಕಲೆ. ಎಂಟು ತಿಂಗಳಾಗಿತ್ತು.

ಈ ಸಲ ಕೇಳಲಿಲ್ಲ, ಕರೆದುಕೊಂಡು ಹೋದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಪದರ ದಪ್ಪಗಾಗಿದೆ ಅಂದರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಒಂದು ವಾರ ಕಾದೆವು. ಆ ಒಂದು ವಾರದ ಬಗ್ಗೆ ಬರೆಯೋದು ಬೇಡ. ಫಲಿತಾಂಶ ಬಂತು. ಕ್ಯಾನ್ಸರ್, ಆದರೆ ಶುರುವಿನ ಹಂತ.

ಅಮ್ಮ ಅತ್ತಿದ್ದು ಕ್ಯಾನ್ಸರ್ ಅಂದಾಗ ಅಲ್ಲ. "ಗರ್ಭಕೋಶ ತೆಗೀಬೇಕು" ಅಂದಾಗ. ಅವಳು ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ನಾಚಿಕೆ ಒಂದು ಕಾರಣ ಆದರೆ ಈ ಹೆದರಿಕೆ ಇನ್ನೊಂದು. "ಡಾಕ್ಟ್ರ ಹತ್ರ ಹೋದ್ರೆ ಗರ್ಭಕೋಶ ತೆಗ್ಸಿ ಅಂತಾರೆ" ಅಂತ ಹೆಂಗಸರು ಮಾತಾಡಿಕೊಳ್ಳೋದು ನೀವೂ ಕೇಳಿರ್ತೀರಿ. ಆ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಕಲಬುರಗಿ ಜಿಲ್ಲೆಯಲ್ಲಿ ಬೇಡದಿದ್ದರೂ ಗರ್ಭಕೋಶ ತೆಗೆಸಿಕೊಂಡ ಹೆಂಗಸರು, ಅದರಲ್ಲೂ ಲಂಬಾಣಿ ಮತ್ತು ದಲಿತ ಹೆಂಗಸರು, 2017ರಲ್ಲಿ ಬೀದಿಗಿಳಿದು ನ್ಯಾಯ ಕೇಳಿದ್ದರು. ಅಲ್ಲಿ ಬೇಡದವರಿಗೆ ತೆಗೆದರು. ಇಲ್ಲಿ ಬೇಕಾದವಳು ಹೆದರಿ ಎಂಟು ತಿಂಗಳು ಹೋಗಲಿಲ್ಲ. ಅವರಿಗೆ ಆದ ಅನ್ಯಾಯದ ಕಥೆ ಎಲ್ಲೆಲ್ಲೋ ಸುತ್ತಿ ನಮ್ಮಮ್ಮನನ್ನೂ ಮುಟ್ಟಿತ್ತು. ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡು, ಹಾಳೆ ಮೇಲೆ ಚಿತ್ರ ಬರೆದು, ಯಾಕೆ ತೆಗೀಬೇಕು, ತೆಗೆದರೆ ಏನಾಗತ್ತೆ, ತೆಗೆಯದಿದ್ದರೆ ಏನಾಗತ್ತೆ ಅಂತ ಹೇಳಿದರು. ಹತ್ತು ನಿಮಿಷ. ಅಷ್ಟೇ ಬೇಕಾಗಿದ್ದಿದ್ದು ಅವಳಿಗೆ.

ಡಿಸೆಂಬರ್‌ನಲ್ಲಿ ಆಪರೇಷನ್ ಆಯ್ತು. ರೇಡಿಯೇಷನ್ ಬೇಕಾಗಲಿಲ್ಲ. ಈಗ ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರ್ತಾಳೆ, ಆರಾಮಾಗಿದ್ದಾಳೆ. "ನೀವು ಅದೃಷ್ಟವಂತರು, ಈ ಕ್ಯಾನ್ಸರ್ ರಕ್ತ ತೋರಿಸಿ ಮೊದಲೇ ಹೇಳತ್ತೆ" ಅಂದಿದ್ದರು ಡಾಕ್ಟರಮ್ಮ. ಹೇಳಿತ್ತು. ಕೇಳಿಸಿಕೊಂಡವರು ಇರಲಿಲ್ಲ.

ಈಗ ಯೋಚನೆ ಮಾಡಿದರೆ ಆ ಬಸ್ಸಿನ ಪ್ರಶ್ನೆಯೇ ಕಾಡತ್ತೆ. "ಈ ಕಾರ್ಡು ಬಸುರೀರಿಗೆ ಮಾತ್ರವಾ?" ಹೌದಮ್ಮಾ, ಬಸುರಿಯರಿಗೆ ಮಾತ್ರ. ಬಸುರಿಗೆ ಕಾರ್ಡಿದೆ, 9ನೇ ತಾರೀಖಿದೆ, ಮನೆ ಬಾಗಿಲಿಗೆ ಆಶಾ ಬರ್ತಾರೆ, ಹೋಗೋಕೆ ಬರೋಕೆ ಗಾಡಿ ಇದೆ. ಇರಲೇಬೇಕು, ಅದರಲ್ಲಿ ಒಂದು ಗುಲಗಂಜಿಯೂ ಕಮ್ಮಿಯಾಗಬಾರದು. ಆದರೆ ಗರ್ಭಕೋಶ ತನ್ನ ಕೆಲಸ ಮುಗಿಸಿದ ಮೇಲೆ ಅದು ಹೇಗಿದೆ ಅಂತ ಕೇಳೋರು ಯಾರು? ಕಾಗದದ ಮೇಲೆ ಅದೂ ಇದೆ. ಮೂವತ್ತು ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಕಂಠದ ಕ್ಯಾನ್ಸರ್, ಸ್ತನ ಕ್ಯಾನ್ಸರ್ ತಪಾಸಣೆ ಮಾಡಬೇಕು ಅಂತ ಕಾರ್ಯಕ್ರಮವೇ ಇದೆ. ಆದರೆ 2019-21ರ ಅದೇ ಸಮೀಕ್ಷೆ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಗರ್ಭಕಂಠದ ಪರೀಕ್ಷೆ ಒಂದು ಸಲವಾದರೂ ಮಾಡಿಸಿಕೊಂಡವರು ಇಬ್ಬರೂ ಇಲ್ಲ. (ಅಮ್ಮನಿಗೆ ಬಂದಿದ್ದು ಗರ್ಭಕಂಠದ್ದಲ್ಲ, ಒಳಪದರದ್ದು. ಅದಕ್ಕೆ ಹೀಗೆ ಊರಿಗೆಲ್ಲ ಮಾಡೋ ತಪಾಸಣೆ ಇಲ್ಲ, ರಕ್ತ ಕಂಡ ಕೂಡಲೇ ಹೋಗೋದೇ ದಾರಿ. ಆದರೆ ಯಾರಾದರೂ ಒಬ್ಬರು ಮನೆಗೆ ಬಂದು "ಅಕ್ಕಾ, ಕೆಳಗೆ ಏನಾದ್ರೂ ತೊಂದ್ರೆ ಇದೆಯಾ" ಅಂತ ಕೇಳಿದ್ದರೆ ಅಮ್ಮ ಏಪ್ರಿಲ್‌ನಲ್ಲೇ ಹೇಳಿರುತ್ತಿದ್ದಳು.)

ತಾಯಂದಿರು ಯಾಕೆ ಸಾಯ್ತಾರೆ ಅಂತ ಅಧ್ಯಯನ ಮಾಡಿದ ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೈನ್ ಅನ್ನೋ ಇಬ್ಬರು 1994ರಲ್ಲಿ "ಮೂರು ತಡ"ಗಳ ಲೆಕ್ಕ ಹೇಳಿದರು. ಹೋಗಬೇಕು ಅಂತ ತೀರ್ಮಾನ ಮಾಡೋದರಲ್ಲಿ ತಡ, ದಾರಿಯಲ್ಲಿ ತಡ, ಅಲ್ಲಿಗೆ ಮುಟ್ಟಿದ ಮೇಲೆ ಚಿಕಿತ್ಸೆ ಸಿಗೋದರಲ್ಲಿ ತಡ. ಇದನ್ನ ಓದಿದಾಗ ನಮ್ಮನೆ ಬಗ್ಗೆಯೇ ಬರೆದಿದ್ದಾರಾ ಅನ್ನಿಸಿತು. ದೊಡ್ಡಮ್ಮನನ್ನ ಮೊದಲೆರಡು ತಡಗಳೇ ನುಂಗಿದವು, ಮೂರನೆಯದರ ತನಕ ಅವಳು ಹೋಗಲೇ ಇಲ್ಲ. ತಂಗಿಯ ವಿಷಯದಲ್ಲಿ ನಾವೆಲ್ಲ ದಾರಿಯದ್ದೇ ಚಿಂತೆ ಮಾಡಿದೆವು. ಘಾಟಿ, ಮಳೆ, ನೆಟ್‌ವರ್ಕ್, ಆಂಬುಲೆನ್ಸು. ದಾರಿ ನೋಡ್ತಾ ನೋಡ್ತಾ, ಮನೆಯೊಳಗೇ ಅಮ್ಮ ಮೊದಲನೇ ತಡದಲ್ಲಿ ಕೂತಿದ್ದು ನಮಗೆ ಕಾಣಲಿಲ್ಲ. ಆ ತಡಕ್ಕೆ ರಸ್ತೆ ಹಾಕಿ ಪ್ರಯೋಜನ ಇಲ್ಲ, ಅದಕ್ಕೆ ಮಾತಾಡಬೇಕು.

ಹೋದ ವರ್ಷ ಅಟ್ಟ ಸ್ವಚ್ಛ ಮಾಡುವಾಗ ಅಮ್ಮನ ಹಳೇ ಟ್ರಂಕಲ್ಲಿ ಒಂದು ಪುಸ್ತಕ ಸಿಕ್ಕಿತು. ಹೆಸರು ಕಾಣದ ಹಾಗೆ ನ್ಯೂಸ್ ಪೇಪರ್ ಬೈಂಡ್ ಹಾಕಿತ್ತು. ಬಿಚ್ಚಿದರೆ ಅನುಪಮಾ ನಿರಂಜನ ಅವರ "ದಾಂಪತ್ಯ ದೀಪಿಕೆ"! ಅನುಪಮಾ ಹುಟ್ಟಿದ್ದು ನಮ್ಮ ಪಕ್ಕದ ತೀರ್ಥಹಳ್ಳಿಯಲ್ಲಿ, 1934ರಲ್ಲಿ. ಡಾಕ್ಟರಾಗಿ, ಕಾದಂಬರಿಕಾರ್ತಿಯಾಗಿ, ಹೆಂಗಸರ ದೇಹದ ಬಗ್ಗೆ ಕನ್ನಡದಲ್ಲಿ ಬಿಚ್ಚುಮನಸ್ಸಿನಿಂದ ಬರೆದವರು. 1991ರಲ್ಲಿ ಅವರೂ ಕ್ಯಾನ್ಸರಿಗೇ ಹೋದರು. ಲೇಡಿ ಡಾಕ್ಟರೇ ಇಲ್ಲದ ಊರುಗಳಲ್ಲಿ ಪೇಪರ್ ಹೊದಿಕೆ ಹಾಕಿಕೊಂಡ ಆ ಪುಸ್ತಕಗಳೇ ಎಷ್ಟೋ ಹೆಂಗಸರಿಗೆ ಲೇಡಿ ಡಾಕ್ಟರಾಗಿದ್ದವು.

"ಇದನ್ನ ಓದಿದ್ಯಾ?" ಅಂತ ಕೇಳಿದೆ.

"ಮದುವೆ ಆದ ಹೊಸದ್ರಲ್ಲಿ. ನಿಮ್ಮಜ್ಜಿ ಮಲಗಿದ ಮೇಲೆ ಓದ್ತಿದ್ದೆ."

"ಮತ್ತೆ, ನಮಗೆ ಯಾಕೆ ಕೊಡಲಿಲ್ಲ?"

ಅಮ್ಮ ನಕ್ಕಳು. "ನೀವು ಕೇಳ್ಲೇ ಇಲ್ವಲ್ಲೇ."

ನಿಜ. ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಮೂವರು ಹೆಂಗಸರು ತಿಂಗಳು ತಿಂಗಳೂ ಹೊರಗೆ ಕೂತು ಎದ್ದಿದ್ದೇವೆ, ಆದರೆ ಅದರ ಬಗ್ಗೆ "ಆಯ್ತಾ, ಹೋಯ್ತಾ" ಅನ್ನೋದು ಬಿಟ್ಟರೆ ಒಂದು ಮಾತು ಆಡಿಲ್ಲ.

ಈಗ ಆಡ್ತೇವೆ. ಅಮ್ಮನೇ ಮುಂದಾಳು! ಆಶಾ ಅಕ್ಕ ಬಂದಾಗ ಅವರ ಜೊತೆ ಅಕ್ಕಪಕ್ಕದ ಮನೆಗಳಿಗೂ ಹೋಗ್ತಾಳೆ. ಐವತ್ತು ದಾಟಿದ ಹೆಂಗಸರನ್ನ ಅಡುಗೆ ಮನೆಗೆ ಕರೆದು, ಧ್ವನಿ ತಗ್ಗಿಸಿ, "ಎಂತಾರೂ ರಕ್ತ ಕಾಣ್ತದಾ? ಕಂಡ್ರೆ ಮುಚ್ಚಿಡ್ಬೇಡಿ. ನಂಗೆ ಆಗಿತ್ತು" ಅಂತಾಳೆ. ಕ್ಲಿನಿಕ್ಕಿನ ಬೆಂಚಿನ ಮೇಲೆ "ಹೊಟ್ಟೆನೋವು" ಅಂತ ಬರೆಸಿದವಳು ಇವಳೇನಾ ಅನ್ನಿಸತ್ತೆ. ಇಬ್ಬರು ಹೋಗಿ ತೋರಿಸಿಕೊಂಡು ಬಂದಿದ್ದಾರೆ. ಒಬ್ಬರಿಗೆ ಏನೂ ಇರಲಿಲ್ಲ, ಇನ್ನೊಬ್ಬರಿಗೆ ಸಣ್ಣ ಗೆಡ್ಡೆ ಇತ್ತು, ತೆಗೆದರು.

ತಂಗಿಯ ಮಗಳು ಈಗ ಮನೆ ತುಂಬಾ ಓಡ್ತಾಳೆ. ಮೊನ್ನೆ ಎಲ್ಲಿಂದಲೋ ಆ ತಾಯಿ ಕಾರ್ಡು ಎಳೆದುಕೊಂಡು ಬಂದು ಅದರ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದಳು. ತಂಗಿ ಬೈಯೋಕೆ ಹೋದರೆ ಅಮ್ಮ, "ಗೀಚ್ಲಿ ಬಿಡೆ, ಅದ್ರ ಕೆಲ್ಸ ಮುಗೀತಲ್ಲ" ಅಂದಳು.

ಇಷ್ಟೇ ಹೇಳಬೇಕಾಗಿದ್ದಿದ್ದು. ಇದನ್ನ ಓದಿದ ನಿಮ್ಮಲ್ಲಿ ಹೆಚ್ಚಿನವರು ಊರಿಂದ ದೂರ ಇದ್ದೀರಿ ಅಂತ ನನಗೆ ಗೊತ್ತು. ಇವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಊಟ ಆಯ್ತಾ, ಮಳೆ ಬಂತಾ ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ. ಮಗನಾಗಿದ್ದರೂ ಕೇಳಿ, ಸಂಕೋಚ ಆದರೆ ಹೆಂಡತಿಯ ಕೈಲೋ ಅಕ್ಕನ ಕೈಲೋ ಕೇಳಿಸಿ. ಮೊದಲ ಸಲ "ಎಂತದೂ ಇಲ್ಲ" ಅಂತಾರೆ.

ಎರಡನೇ ಸಲವೂ ಕೇಳಿ.